ಗಡುವು, ವಿಳಂಬ ಮತ್ತು ‘ಸಾಕಷ್ಟು ಕಾರಣ’: ಕಾಲಮಿತಿಯ ನ್ಯಾಯಕ್ಕೊಂದು ಚಾರಿತ್ರಿಕ ಪ್ರವೇಶ

1. ಪ್ರವೇಶ

ಕನ್ನಡದ ಜನಪದ ಕಥನಗಳಲ್ಲಿ ಗಡುವು ಕೇಳುವ ಅತ್ಯಂತ ಪರಿಚಿತ ಸನ್ನಿವೇಶ ‘ಗೋವಿನ ಹಾಡಿ’ನದು. ಹುಲಿಯ ಎದುರು ನಿಂತ ಪುಣ್ಯಕೋಟಿ ಪ್ರಾಣಭಿಕ್ಷೆಯನ್ನು ಬೇಡುವುದಿಲ್ಲ. ಕರುವಿಗೆ ಹಾಲುಣಿಸಿ ಬರುವಷ್ಟು ಕಾಲವನ್ನು ಮಾತ್ರ ಬೇಡುತ್ತದೆ. ಬೇಡಿಕೆಗೆ ಕಾರಣ ಹೇಳುತ್ತದೆ, ಮರಳಿ ಬರುವುದಾಗಿ ಭಾಷೆ ಕೊಡುತ್ತದೆ, ಕೊಟ್ಟ ಭಾಷೆಯಂತೆ ಮರಳಿಯೂ ಬರುತ್ತದೆ. ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಕಥನ ಹರಿಶ್ಚಂದ್ರನದು. ಅಲ್ಲಿ ವಿಶ್ವಾಮಿತ್ರನ ಸಾಲಕ್ಕೆ ಗಡುವು ಗೊತ್ತಾಗಿದೆ. ಆ ಗಡುವಿನ ಒಂದೊಂದು ದಿನವನ್ನೂ ಎಣಿಸುತ್ತ ನಕ್ಷತ್ರಿಕ ಬೆನ್ನು ಹತ್ತಿದ್ದಾನೆ. ಕಾಲವನ್ನು ಕರುಣೆಯಿಂದ ಕೊಡುವ ನ್ಯಾಯ ಒಂದು, ಕಾಲವನ್ನು ಲೆಕ್ಕದಿಂದ ವಸೂಲು ಮಾಡುವ ನ್ಯಾಯ ಇನ್ನೊಂದು. ಇವೆರಡರ ನಡುವಣ ಎಳೆದಾಟವು ಜನಪದರ ಕಲ್ಪನೆಗೆ ಮಾತ್ರ ಸೀಮಿತವಲ್ಲ. ಭಾರತದ ನ್ಯಾಯಾಲಯಗಳಲ್ಲಿ ಕಾಲಮಿತಿಯ ಕಾಯಿದೆ ನಡೆದುಬಂದ ದಾರಿಯೂ ಇದೇ ಎಳೆದಾಟದ ದಾರಿಯಾಗಿದೆ.

ಈ ವಿಷಯಕ್ಕೆ ಸಂಬಂಧಿಸಿದ ಕನ್ನಡದ ಪದಗಳನ್ನು ಗಮನಿಸಿದರೂ ಅದೇ ಎಳೆದಾಟ ಕಾಣುತ್ತದೆ. ‘ಗಡುವು’ ಕನ್ನಡ–ತೆಲುಗುಗಳೆರಡರಲ್ಲೂ ಬಳಕೆಯಲ್ಲಿರುವ ದೇಸಿ ಪದ. ‘ಅವಧಿ’ ಸಂಸ್ಕೃತದಿಂದ ಬಂದದ್ದು. ‘ಮುದ್ದತ್ತು’ ಮತ್ತು ‘ವಾಯಿದೆ’ಗಳು ಅರಬಿ ಮೂಲದವು, ಕಚೇರಿಯ ಭಾಷೆಯ ಮೂಲಕ ಕನ್ನಡಕ್ಕೆ ಇಳಿದವು. ಇವುಗಳಲ್ಲಿ ‘ವಾಯಿದೆ’ಯ ಮೂಲಾರ್ಥ ‘ಮಾತು ಕೊಡುವುದು’ ಎಂದು. ಕೊಟ್ಟ ಮಾತು ಕಚೇರಿಯ ಬಳಕೆಯಲ್ಲಿ ಕೊಟ್ಟ ತಾರೀಖಾಯಿತು. ಆಡುಮಾತಿನಲ್ಲಿ ‘ವಾಯಿದೆ ತೆಗೆದುಕೊಳ್ಳುವುದು’ ಎಂದರೆ ಮಾತನ್ನು ಮುಂದೂಡುವುದು ಎಂಬ ಅರ್ಥವೂ ಸೇರಿಕೊಂಡಿತು. ಇನ್ನು ‘ಸಾಕಷ್ಟು ಕಾರಣ’, ‘ವಿಳಂಬ ಮನ್ನಾ’ ಎಂಬ ಪದಪುಂಜಗಳು ಇಂಗ್ಲಿಷ್ ಕಾಯಿದೆಯ ಭಾಷೆಯಿಂದ ನೇರವಾಗಿ ಅನುವಾದಗೊಂಡವು.

ಕಾನೂನು ಗೊತ್ತುಪಡಿಸಿದ ದಿನದೊಳಗೆ ಮೇಲ್ಮನವಿ ಅಥವಾ ಅರ್ಜಿ ಸಲ್ಲಿಸಲಾಗದವರು ಹೆಚ್ಚಿನ ಕಾಲ ಕೇಳುವ ಹಕ್ಕು ಹೇಗೆ ರೂಪುಗೊಂಡಿತು, ಅದು ಯಾರಿಗಾಗಿ ಹುಟ್ಟಿತು, ಯಾರಿಗೆ ಒದಗಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಕಾಲಮಿತಿಯ ಕಾಯಿದೆಯು ಎಲ್ಲರೂ ಒಂದೇ ಪಂಚಾಂಗದಲ್ಲಿ ಬದುಕುತ್ತಾರೆಂದು ಭಾವಿಸಿತು, ಬೇರೆ ಪಂಚಾಂಗದಲ್ಲಿ ಬದುಕುವವರಿಗಾಗಿ ‘ಸಾಕಷ್ಟು ಕಾರಣ’ವೆಂಬ ಒಂದು ಕಿರುಬಾಗಿಲನ್ನು ಉಳಿಸಿತು, ಆ ಬಾಗಿಲಿನ ಚರಿತ್ರೆಯನ್ನು ಬರೆಯುವಾಗ ಭೂಮಿ ಕಳೆದುಕೊಂಡವರ ಚರಿತ್ರೆಯನ್ನೂ ಬರೆಯಬೇಕಾಗುತ್ತದೆ ಎಂಬುದು ಇಲ್ಲಿಯ ಮುಖ್ಯ ಪ್ರತಿಪಾದನೆ.

2. ಧರ್ಮಶಾಸ್ತ್ರದಲ್ಲಿ ಕಾಲ

ಹಕ್ಕಿಗೆ ಕಾಲದ ಮಿತಿ ಇದೆಯೆಂಬ ವಿಚಾರ ಬ್ರಿಟಿಷರೊಂದಿಗೆ ಬಂದದ್ದಲ್ಲ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯವು, ಒಡೆಯನು ನೋಡುತ್ತಿದ್ದಂತೆಯೇ, ಅವನು ತಕರಾರು ಎತ್ತದಿರುವಾಗ, ಮತ್ತೊಬ್ಬನು ಭೂಮಿಯನ್ನು 20 ವರ್ಷ ಅನುಭವಿಸಿದರೆ, ಇತರ ಧನವನ್ನು 10 ವರ್ಷ ಅನುಭವಿಸಿದರೆ ಒಡೆಯನಿಗೆ ಹಾನಿಯುಂಟಾಗುತ್ತದೆ ಎಂದು ವಿಧಿಸುತ್ತದೆ. ಈ ವಿಧಿಯ ಬಹು ಪ್ರಸಿದ್ಧ ವ್ಯಾಖ್ಯಾನ ಕನ್ನಡ ನಾಡಿನಲ್ಲಿಯೇ ರಚಿತವಾಯಿತು. ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ (ಆಳ್ವಿಕೆ 1076–1126) ಕಾಲದಲ್ಲಿ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ವಿಜ್ಞಾನೇಶ್ವರನು ಬರೆದ ‘ಮಿತಾಕ್ಷರಾ’ ಈ ‘ಹಾನಿ’ ಎಂಬ ಪದವನ್ನು ಎಚ್ಚರದಿಂದ ಬಿಡಿಸುತ್ತದೆ. ಕಳೆದುಹೋಗುವುದು ಭೂಮಿಯ ಫಲವೇ ಹೊರತು ಭೂಮಿಯ ಒಡೆತನವಲ್ಲ ಎಂಬುದು ಅವನ ನಿಲುವು. ಮೌನವಾಗಿದ್ದ ಒಡೆಯನು ಅಷ್ಟು ವರ್ಷಗಳ ಬೆಳೆಯನ್ನು ಕೇಳಲಾರ. ಆದರೆ ಕಾಲ ಕಳೆದ ಮಾತ್ರಕ್ಕೆ ಅನ್ಯಾಯವು ನ್ಯಾಯವಾಗಲಾರದು.

ಈ ವಿಧಿಗೆ ಸ್ಮೃತಿಯೇ ಅಪವಾದಗಳ ಪಟ್ಟಿಯನ್ನು ಕೊಟ್ಟಿದೆ. ಅಡವಿಟ್ಟದ್ದು, ಗಡಿಯ ಭೂಮಿ, ನಂಬಿ ಇಟ್ಟ ನಿಕ್ಷೇಪ, ಬುದ್ಧಿಮಾಂದ್ಯರ ಮತ್ತು ಬಾಲಕರ ಧನ, ರಾಜನ ಧನ, ಸ್ತ್ರೀಯರ ಧನ, ಶ್ರೋತ್ರಿಯರ ಧನ ಇವುಗಳಿಗೆ ಆ ಕಾಲಮಿತಿ ಅನ್ವಯಿಸದು. ತನ್ನ ಹಕ್ಕನ್ನು ತಾನೇ ಕಾಯ್ದುಕೊಳ್ಳಲಾಗದವರು ಒಂದು ಕಡೆ, ಎಲ್ಲವನ್ನೂ ಕಾಯಿಸಬಲ್ಲ ರಾಜನು ಇನ್ನೊಂದು ಕಡೆ, ಒಂದೇ ಪಟ್ಟಿಯಲ್ಲಿ ಸೇರಿರುವುದು ಗಮನಾರ್ಹ. ದುರ್ಬಲರಿಗೆ ಕೊಡುವ ರಿಯಾಯಿತಿ ಮತ್ತು ಪ್ರಭುತ್ವವು ತನಗೆ ತಾನೇ ಕೊಟ್ಟುಕೊಳ್ಳುವ ರಿಯಾಯಿತಿ ಒಂದೇ ಸಾಲಿನಲ್ಲಿ ಬರುವ ಈ ಪರಿಪಾಠ ಮುಂದೆಯೂ ಬಿಡದೆ ಬಂದಿದೆ.

ಕಾಲಕೊಡುವ ವಿಚಾರದಲ್ಲಿ ನಾರದ ಸ್ಮೃತಿಯ ಒಂದು ವಿಧಿ ಜಾನಪದ ಅಧ್ಯಯನಕ್ಕೆ ವಿಶೇಷವಾಗಿ ಮುಖ್ಯ. ದನ ಮೇಯಿಸುತ್ತಿರುವ ಗೋವಳನನ್ನು, ಬಿತ್ತನೆಯಲ್ಲಿ ತೊಡಗಿದ ಬೇಸಾಯಗಾರನನ್ನು, ಕೈಗೆಲಸದ ನಡುವೆ ಇರುವ ಕುಶಲಕರ್ಮಿಯನ್ನು, ಯುದ್ಧದಲ್ಲಿರುವ ಯೋಧನನ್ನು ಆ ಹೊತ್ತಿನಲ್ಲಿ ವ್ಯಾಜ್ಯಕ್ಕಾಗಿ ತಡೆಹಿಡಿಯಬಾರದು ಎಂದು ಅದು ಹೇಳುತ್ತದೆ. ಇಲ್ಲಿ ಕಾಲವೆಂದರೆ ಎಣಿಕೆಯ ದಿನಗಳಲ್ಲ, ಕಾಯಕದ ಕಾಲ. ಈ ವಿಧಿಗಳು ವಾಸ್ತವವಾಗಿ ಎಷ್ಟರಮಟ್ಟಿಗೆ ನಡೆದವು ಎಂಬುದು ಬೇರೆಯೇ ಪ್ರಶ್ನೆ. ವರ್ಣ ಮತ್ತು ಲಿಂಗದ ತರತಮಗಳನ್ನು ಒಳಗೊಂಡ ಈ ಗ್ರಂಥಗಳನ್ನು ಆದರ್ಶವೆಂದು ಎತ್ತಿಹಿಡಿಯಬೇಕಾಗಿಯೂ ಇಲ್ಲ. ಆದರೆ ಬಿತ್ತನೆಯ ಹೊತ್ತು ನ್ಯಾಯದ ಹೊತ್ತನ್ನು ತಡೆಯಬಲ್ಲದು ಎಂಬ ತಿಳಿವಳಿಕೆ ಇಲ್ಲಿಯ ನ್ಯಾಯಚಿಂತನೆಯಲ್ಲಿ ಇತ್ತು ಎಂಬುದಷ್ಟೇ ಇಲ್ಲಿ ಗಮನಿಸಬೇಕಾದ ಅಂಶ.

3. ವಸಾಹತು ಕಾಲದ ಕಾಯಿದೆ ಮತ್ತು ಮೂರು ವರ್ಷದ ಪತ್ರ

ಈಸ್ಟ್ ಇಂಡಿಯಾ ಕಂಪನಿಯ ನ್ಯಾಯಾಲಯಗಳು ಮೊದಲು ಪ್ರಾಂತವಾರು ನಿಯಮಾವಳಿಗಳ ಮೂಲಕ ಕಾಲಮಿತಿಯನ್ನು ಗೊತ್ತುಪಡಿಸಿದವು. ಬಂಗಾಳದ 1793ರ ನಿಯಮಾವಳಿ ಮತ್ತು ಮದರಾಸಿನ 1802ರ ನಿಯಮಾವಳಿಗಳು ದಾವೆ ಹೂಡಲು 12 ವರ್ಷಗಳ ಸಾಮಾನ್ಯ ಮಿತಿಯನ್ನು ತಂದವು. ಮುಂಬಯಿ ಪ್ರಾಂತಕ್ಕೆ 1827ರಲ್ಲಿ ಪ್ರತ್ಯೇಕ ನಿಯಮಾವಳಿ ಬಂದಿತು. ಹೀಗಾಗಿ ಮದರಾಸಿಗೆ ಸೇರಿದ್ದ ಕನ್ನಡ ಜಿಲ್ಲೆ ಮತ್ತು ಬಳ್ಳಾರಿಗಳಿಗೆ ಒಂದು ಲೆಕ್ಕ, ಮುಂಬಯಿಗೆ ಸೇರಿದ್ದ ಧಾರವಾಡ ಬೆಳಗಾವಿಗಳಿಗೆ ಮತ್ತೊಂದು ಲೆಕ್ಕ ಆಯಿತು. ಬ್ರಿಟಿಷ್ ಭಾರತಕ್ಕೆಲ್ಲ ಒಂದೇ ಲೆಕ್ಕವನ್ನು ತರಲು ಹೊರಟದ್ದು 1859ರ 14ನೆಯ ಕಾಯಿದೆ. ಇದು 1862ರಲ್ಲಿ ಜಾರಿಗೆ ಬಂದಿತು. ಅನಂತರ 1871, 1877 ಮತ್ತು 1908ರಲ್ಲಿ ಕಾಯಿದೆಯನ್ನು ಮತ್ತೆ ಮತ್ತೆ ಹೊಸದಾಗಿ ಬರೆಯಲಾಯಿತು.

1859ರ ಕಾಯಿದೆ ನೋಂದಾಯಿಸದ ಸಾಲಪತ್ರಗಳಿಗೆ 3 ವರ್ಷಗಳ ಮಿತಿಯನ್ನು ಹಾಕಿತು. ಬಡ್ಡಿ ಬೆಳೆಯುತ್ತ ಹೋಗುವುದನ್ನು ತಡೆಯುವುದು ಇದರ ಉದ್ದೇಶವೆಂದು ಹೇಳಲಾಗಿತ್ತು. ನಡೆದದ್ದು ಬೇರೆ. ಮೂರು ವರ್ಷ ತುಂಬುವ ಮೊದಲು ಸಾಹುಕಾರನು ರೈತನನ್ನು ಕರೆಸಿ ಹಳೆಯ ಪತ್ರದ ಬದಲು ಹೊಸ ಪತ್ರವನ್ನು ಬರೆಸಿಕೊಳ್ಳತೊಡಗಿದನು. ತೀರದ ಅಸಲು, ಸೇರಿದ ಬಡ್ಡಿ ಎರಡೂ ಕೂಡಿ ಹೊಸ ಪತ್ರದ ಅಸಲಾದವು; ಅದರ ಮೇಲೆ ಮತ್ತೆ ಬಡ್ಡಿ ಏರಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ಆರಂಭವಾಗಿ ಅಹಮದನಗರದವರೆಗೆ ಹಬ್ಬಿದ ದಖ್ಖನ್ನಿನ ರೈತ ದಂಗೆಯಲ್ಲಿ ರೈತರು ಸಾಹುಕಾರರ ಮನೆಗಳಿಂದ ಸಾಲದ ಪತ್ರಗಳನ್ನು ಕಸಿದು ಸುಟ್ಟರು. ದಂಗೆಯ ವಿಚಾರಣೆಗೆ ನೇಮಕವಾದ ಆಯೋಗವು ಕಾಲಮಿತಿಯ ಕಾಯಿದೆಯನ್ನೂ ಕಾರಣಗಳಲ್ಲಿ ಒಂದಾಗಿ ಪರಿಗಣಿಸಿತು. 1879ರ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ರೈತರ ಮೇಲಿನ ಸಾಲದ ದಾವೆಗಳಿಗೆ ಮಿತಿಯನ್ನು ಹಿಗ್ಗಿಸಿ, ನೋಂದಾಯಿತ ಪತ್ರಗಳಿಗೆ 12 ವರ್ಷ, ಉಳಿದವುಗಳಿಗೆ 6 ವರ್ಷ ಎಂದು ಮಾಡಿತು. ದಾವೆಗೆ ಕಾಲ ಕಡಿಮೆಯಾದಷ್ಟೂ ಸಾಲಗಾರನಿಗೆ ಹಿತ ಎಂಬ ಗ್ರಹಿಕೆಯೇ ತಲೆಕೆಳಗಾದುದನ್ನು ಈ ಇಪ್ಪತ್ತು ವರ್ಷಗಳ ಅನುಭವ ತೋರಿಸಿಕೊಟ್ಟಿತು.

ಪಂಚಾಂಗದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ರೈತನ ಸಾಲದ ಮಾತು ಸುಗ್ಗಿಗೆ, ಯುಗಾದಿಗೆ, ಊರ ಜಾತ್ರೆಗೆ, ಇಂಥ ಮಳೆ ಹೋದ ಮೇಲೆ ಎಂಬ ಲೆಕ್ಕದಲ್ಲಿ ನಡೆಯುತ್ತಿತ್ತು. 1908ರ ಕಾಯಿದೆಯ 25ನೆಯ ಕಲಮು, ಎಲ್ಲ ಪತ್ರಗಳನ್ನೂ ಗ್ರೆಗೋರಿಯನ್ ಪಂಚಾಂಗಕ್ಕೆ ಅನುಸಾರವಾಗಿ ಬರೆದವೆಂದೇ ಭಾವಿಸತಕ್ಕದ್ದು ಎಂದು ವಿಧಿಸಿತು. ಅದರ ಉದಾಹರಣೆಯಲ್ಲಿ, ಹಿಂದೂವೊಬ್ಬನು ದೇಶೀಯ ಮಿತಿಯನ್ನಷ್ಟೇ ನಮೂದಿಸಿ ನಾಲ್ಕು ತಿಂಗಳ ಬಳಿಕ ಕೊಡುವುದಾಗಿ ಬರೆದುಕೊಟ್ಟ ಪತ್ರಕ್ಕೂ ಆ ನಾಲ್ಕು ತಿಂಗಳನ್ನು ಗ್ರೆಗೋರಿಯನ್ ಲೆಕ್ಕದಲ್ಲಿಯೇ ಎಣಿಸಬೇಕೆಂದು ಸ್ಪಷ್ಟಪಡಿಸಲಾಗಿದೆ. 1963ರ ಕಾಯಿದೆಯ 24ನೆಯ ಕಲಮಿನಲ್ಲಿಯೂ ಈ ವಿಧಿ ಉಳಿದಿದೆ. ಏಕರೂಪದ ಆಡಳಿತಕ್ಕೆ ಏಕರೂಪದ ಎಣಿಕೆ ಅನಿವಾರ್ಯವೆಂಬುದು ನಿಜ. ಆದರೆ ಬರೆದವನಿಗೆ ತಿಳಿದಿದ್ದ ತಿಂಗಳು ಒಂದು, ಕಾನೂನು ಎಣಿಸಿದ ತಿಂಗಳು ಮತ್ತೊಂದು. ಚಾಂದ್ರಮಾಸದಲ್ಲಿ ಬದುಕಿದವನು ಸೌರಮಾಸದ ಲೆಕ್ಕಕ್ಕೆ ಹೊಣೆಯಾಗಬೇಕಾಯಿತು.

ಇನ್ನೊಂದು ವ್ಯತ್ಯಾಸವನ್ನೂ ಇಲ್ಲಿ ಹೇಳಬೇಕು. ಮಿತಿ ಮೀರಿದ ಸಾಲಕ್ಕೆ ದಾವೆ ಹೂಡುವಂತಿಲ್ಲವಾದರೂ ಸಾಲವೇ ಸತ್ತುಹೋಗುವುದಿಲ್ಲ. ಅಂಥ ಸಾಲವನ್ನು ತೀರಿಸುವುದಾಗಿ ಬರೆದು ಸಹಿ ಮಾಡಿಕೊಟ್ಟ ವಾಗ್ದಾನಕ್ಕೆ 1872ರ ಭಾರತೀಯ ಕರಾರು ಕಾಯಿದೆಯ 25ನೆಯ ಕಲಮು ಮಾನ್ಯತೆ ನೀಡುತ್ತದೆ. ಈ ಒಂದು ಅಂಶದಲ್ಲಿ ಕಾಯಿದೆ ಮತ್ತು ಜನಪದರ ನಂಬಿಕೆ ಹತ್ತಿರ ಬರುತ್ತವೆ. ಋಣ ತೀರಿಸದೆ ಸತ್ತವನು ಸಾಲ ಕೊಟ್ಟವನ ಮನೆಯಲ್ಲಿ ಎತ್ತಾಗಿ ಹುಟ್ಟಿ ದುಡಿದು ತೀರಿಸಬೇಕೆಂಬ ಮಾತು ಹಳ್ಳಿಗಳಲ್ಲಿ ಪರಿಚಿತ. ಭೂಮಿಯ ವಿಷಯದಲ್ಲಿ ಮಾತ್ರ ಹಾಗಲ್ಲ. ದಾವೆಯ ಅವಧಿ ಮುಗಿದರೆ ಸ್ವತ್ತಿನ ಹಕ್ಕೇ ಅಳಿಯುತ್ತದೆಂದು ಕಾಲಮಿತಿ ಕಾಯಿದೆ ಹೇಳುತ್ತದೆ. 1963ರ ಕಾಯಿದೆಯಲ್ಲಿ ಇದು 27ನೆಯ ಕಲಮು. ವಿಜ್ಞಾನೇಶ್ವರನು ಒಪ್ಪದೆ ಹೋದದ್ದು ಇದನ್ನೇ.

4. ‘ಸಾಕಷ್ಟು ಕಾರಣ’ದ ಹುಟ್ಟು ಮತ್ತು ವ್ಯಾಪ್ತಿ

ತೀರ್ಪಿನಲ್ಲಿ ಸೋತವನಿಗೆ ಮೇಲ್ಮನವಿಯ ಅವಧಿ ತೀರ ಚಿಕ್ಕದು. 1963ರ ಕಾಲಮಿತಿ ಅಧಿನಿಯಮದಂತೆ, ಸಿವಿಲ್ ಪ್ರಕರಣದಲ್ಲಿ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 90 ದಿನ, ಇತರ ನ್ಯಾಯಾಲಯಕ್ಕೆ ಸಲ್ಲಿಸಲು 30 ದಿನ. ಎದುರುಪಕ್ಷ ಆಕ್ಷೇಪಿಸದಿದ್ದರೂ ಅವಧಿ ಮೀರಿದ ಮನವಿಯನ್ನು ನ್ಯಾಯಾಲಯವು ತಾನಾಗಿಯೇ ವಜಾ ಮಾಡಬೇಕೆಂದು 3ನೆಯ ಕಲಮು ಹೇಳುತ್ತದೆ. ಈ ಬಿಗಿಯನ್ನು ಕೆಲವು ನಿಯಮಗಳು ಸಡಿಲಿಸುತ್ತವೆ. ಕೊನೆಯ ದಿನ ನ್ಯಾಯಾಲಯಕ್ಕೆ ರಜೆಯಿದ್ದರೆ ಮತ್ತೆ ತೆರೆದ ದಿನ ಸಲ್ಲಿಸಬಹುದು. ತೀರ್ಪಿನ ದಿನವನ್ನೂ, ತೀರ್ಪಿನ ನಕಲು ಪಡೆಯಲು ತಗುಲಿದ ಕಾಲವನ್ನೂ ಲೆಕ್ಕದಿಂದ ಬಿಡಲಾಗುತ್ತದೆ. ಇವೆಲ್ಲ ನ್ಯಾಯಾಲಯದ ಕಾರಣದಿಂದ ಆಗುವ ವಿಳಂಬಗಳು. ಕಕ್ಷಿಗಾರನ ಬದುಕಿನಿಂದ ಆಗುವ ವಿಳಂಬಕ್ಕೆ ಉಳಿದಿರುವುದು 5ನೆಯ ಕಲಮು ಒಂದೇ. ಅವಧಿಯೊಳಗೆ ಬರಲಾಗದಿದ್ದುದಕ್ಕೆ ‘ಸಾಕಷ್ಟು ಕಾರಣ’ವಿತ್ತೆಂದು ಮನಗಾಣಿಸಿದರೆ ನ್ಯಾಯಾಲಯವು ಮನವಿಯನ್ನು ಸ್ವೀಕರಿಸಬಹುದು. ಇಲ್ಲಿಯ ‘ಬಹುದು’ ಎಂಬ ಪದವನ್ನು ಮರೆಯುವಂತಿಲ್ಲ. ಕಾರಣವನ್ನು ತೋರಿಸುವುದು ಕಕ್ಷಿಗಾರನ ಹೊಣೆ, ಮನ್ನಾ ಮಾಡುವುದು ನ್ಯಾಯಾಲಯದ ವಿವೇಚನೆ.

1877ರ ಕಾಯಿದೆಯ 5ನೆಯ ಕಲಮಿನಲ್ಲಿ ಇದ್ದ ಈ ಮಾತಿಗೆ ಮದರಾಸು ಉಚ್ಚ ನ್ಯಾಯಾಲಯವು 1889ರಲ್ಲಿ ಕೊಟ್ಟ ವ್ಯಾಖ್ಯಾನ ಇಂದಿಗೂ ಆಧಾರಪ್ರಾಯವಾಗಿದೆ. ಕಕ್ಷಿಗಾರನಲ್ಲಿ ಅಲಕ್ಷ್ಯ, ನಿಷ್ಕ್ರಿಯತೆ ಅಥವಾ ಅಪ್ರಾಮಾಣಿಕತೆ ಕಾಣದಿರುವಾಗ, ನ್ಯಾಯವನ್ನು ಮುನ್ನಡೆಸುವಂತೆ ಈ ಪದಗಳನ್ನು ಉದಾರವಾಗಿ ಅರ್ಥೈಸಬೇಕು ಎಂಬುದು ಅದರ ಸಾರ. ಸ್ವಾತಂತ್ರ್ಯಾನಂತರ ಭಾರತದ ಕಾನೂನು ಆಯೋಗವು 1956ರ ತನ್ನ ಮೂರನೆಯ ವರದಿಯಲ್ಲಿ 1908ರ ಕಾಯಿದೆಯನ್ನು ಪರಿಶೀಲಿಸಿತು. 1964ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಅಧಿನಿಯಮವು 5ನೆಯ ಕಲಮಿನ ವ್ಯಾಪ್ತಿಯನ್ನು ಹಿಗ್ಗಿಸಿ, ತೀರ್ಪಿನ ಅಮಲ್ಜಾರಿಯ ಅರ್ಜಿಗಳನ್ನುಳಿದು ಇತರ ಅರ್ಜಿಗಳಿಗೂ ಅನ್ವಯಿಸಿತು. ಮೂಲ ದಾವೆಗೆ ಮಾತ್ರ ಈ ರಿಯಾಯಿತಿ ಹಿಂದೆಯೂ ಇರಲಿಲ್ಲ, ಅನಂತರವೂ ಬರಲಿಲ್ಲ.

ರೇವಾ ಕೋಲ್‌ಫೀಲ್ಡ್ಸ್ ಪ್ರಕರಣದಲ್ಲಿ (1961ರ ತೀರ್ಪು) ಒಂದೇ ದಿನದ ವಿಳಂಬದ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಮೇಲ್ಮನವಿಯ ಕೊನೆಯ ದಿನ ಕಕ್ಷಿಗಾರನು ಕಾಯಿಲೆ ಬಿದ್ದಿದ್ದನು. ಕೊನೆಯ ದಿನದವರೆಗೆ ಏಕೆ ಕಾದೆ, ಅದಕ್ಕೂ ಮೊದಲಿನ ದಿನಗಳಿಗೆ ಏನು ಕಾರಣ ಎಂದು ಕೆಳಗಿನ ನ್ಯಾಯಾಲಯ ಕೇಳಿತ್ತು. ಕಾನೂನು ಕೊಟ್ಟ ಅವಧಿಯ ಕೊನೆಯ ದಿನದವರೆಗೆ ಕಾಯುವುದು ಕಕ್ಷಿಗಾರನ ಹಕ್ಕು. ಆ ದಿನದಿಂದಾಚೆಗಿನ ವಿಳಂಬಕ್ಕಷ್ಟೇ ಕಾರಣ ಕೊಡಬೇಕು ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. 1998ರ ಒಂದು ತೀರ್ಪಿನಲ್ಲಿ 883 ದಿನಗಳ ವಿಳಂಬವನ್ನು ಮನ್ನಿಸಿದ ಅದೇ ನ್ಯಾಯಾಲಯವು, ಎಷ್ಟು ದಿನ ಎಂಬುದಕ್ಕಿಂತ ಕೊಟ್ಟ ವಿವರಣೆ ನಂಬುವಂತಿದೆಯೇ ಎಂಬುದು ಮುಖ್ಯವೆಂದಿತು. ಅದರ ಹಿಂದಿನ ವರ್ಷವೇ ಕೇರಳದ ಪ್ರಕರಣವೊಂದರಲ್ಲಿ ಸರ್ಕಾರದ 565 ದಿನಗಳ ವಿಳಂಬವನ್ನು ಮನ್ನಿಸಲು ನಿರಾಕರಿಸಿ, ಕಾಲಮಿತಿಯ ಕಾನೂನು ಕಠಿಣವೆನಿಸಿದರೂ ಅದನ್ನು ಬಿಗಿಯಾಗಿಯೇ ಅನ್ವಯಿಸಬೇಕೆಂದೂ ಹೇಳಿತ್ತು. ಈ ಎರಡು ಧಾರೆಗಳು ಇಂದಿಗೂ ಜೊತೆಜೊತೆಯಾಗಿಯೇ ಹರಿಯುತ್ತಿವೆ.

5. ಏಳನೆಯ ನಮೂನೆ: ಕರ್ನಾಟಕದ ಒಂದು ಗಡುವು

ನ್ಯಾಯಾಲಯದ ಮೇಲ್ಮನವಿಗಿದ್ದ ಈ ಕಿರುಬಾಗಿಲು ನ್ಯಾಯಾಲಯದ ಹೊರಗಿನ ಅರ್ಜಿಗಳಿಗೆ ಇರಲಿಲ್ಲ. ಕರ್ನಾಟಕದ ಗ್ರಾಮೀಣ ಚರಿತ್ರೆಯಲ್ಲಿ ಬಹು ದೊಡ್ಡ ಗಡುವು ಎನಿಸಿದ್ದು ಅಂಥ ಒಂದು ಅರ್ಜಿಯದೇ. 1961ರ ಕರ್ನಾಟಕ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಜಮೀನುಗಳು ಅಂದಿನಿಂದ ರಾಜ್ಯಕ್ಕೆ ಸೇರಿದವು. ಉಳುವವನು ಆ ಜಮೀನಿನ ಒಡೆಯನಾಗಬೇಕಾದರೆ ಭೂನ್ಯಾಯ ಮಂಡಳಿಗೆ ಏಳನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕಾಗಿತ್ತು. ಈ ಅರ್ಜಿಯ ಅವಧಿಯನ್ನು ವಿಸ್ತರಿಸುತ್ತ ಬಂದು, ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಲಾಯಿತು.

ಗೇಣಿದಾರರಲ್ಲಿ ಅನೇಕರ ಒಪ್ಪಂದ ಬಾಯಿಮಾತಿನದು. ಗೇಣಿ ಚೀಟಿ ಇಲ್ಲದವನಿಗೆ, ಪಹಣಿಯಲ್ಲಿ ಹೆಸರಿಲ್ಲದವನಿಗೆ, ಒಡೆಯನ ಮನೆಯ ಹಂಗಿನಲ್ಲಿಯೇ ಬದುಕುವವನಿಗೆ ತಾಲ್ಲೂಕು ಕಚೇರಿಗೆ ಹೋಗಿ ಆ ಒಡೆಯನ ವಿರುದ್ಧ ಅರ್ಜಿ ಕೊಡುವುದು ಕೇವಲ ತಾರೀಖಿನ ಪ್ರಶ್ನೆಯಾಗಿರಲಿಲ್ಲ. ಜೂನ್ ತಿಂಗಳ ಕೊನೆಯೆಂದರೆ ಮುಂಗಾರಿನ ಬಿತ್ತನೆ, ನಾಟಿಗಳ ಹೊತ್ತು ಎಂಬುದನ್ನೂ ಗಮನಿಸಬೇಕು. ನಾರದ ಸ್ಮೃತಿ ಬೇಸಾಯಗಾರನನ್ನು ತಡೆಯಬಾರದೆಂದ ಹೊತ್ತಿನಲ್ಲಿಯೇ ಆಧುನಿಕ ರಾಜ್ಯದ ಗಡುವು ಮುಗಿಯಿತು. ಗಡುವು ಮೀರಿದ ಅರ್ಜಿಗೆ ‘ಸಾಕಷ್ಟು ಕಾರಣ’ದ ನೆರವು ದೊರೆಯಲಿಲ್ಲ, ಉಳುತ್ತಿದ್ದವನು ಉಳುತ್ತಲೇ ಇದ್ದರೂ ಹಕ್ಕಿನ ದಾರಿ ಮುಚ್ಚಿತು. ಈ ಕೊರತೆಯನ್ನು ಶಾಸನಸಭೆಯೇ ಕೊನೆಗೆ ಒಪ್ಪಿಕೊಂಡಿತು. ಸುಮಾರು ಎರಡು ದಶಕಗಳ ಬಳಿಕ, 1998ರಲ್ಲಿ ಕಾಯಿದೆಗೆ ಸೇರಿದ 77-ಎ ಕಲಮು, ಅಂದು ಅರ್ಜಿ ಸಲ್ಲಿಸಲು ತಪ್ಪಿಹೋದರೂ ಜಮೀನಿನ ಅನುಭವದಲ್ಲಿ ಮುಂದುವರಿದಿದ್ದ ಗೇಣಿದಾರರಿಗೆ ನಿಗದಿತ ಮಿತಿಯೊಳಗೆ ಜಮೀನು ಮಂಜೂರು ಮಾಡಲು ಅವಕಾಶ ಕಲ್ಪಿಸಿತು. ಇದರ ಅರ್ಜಿಯೇ ‘7-ಎ ನಮೂನೆ’. ಅದಕ್ಕೂ ಒಂದು ಗಡುವು ಇತ್ತು.

ಭೂಸ್ವಾಧೀನದ ಕಥೆಯೂ ಇದಕ್ಕೆ ಹೊಂದುವಂಥದು. 1894ರ ಭೂಸ್ವಾಧೀನ ಕಾಯಿದೆಯ 18ನೆಯ ಕಲಮಿನಂತೆ, ಪರಿಹಾರ ಸಾಲದೆಂದು ಕಂಡವನು ಪ್ರಕರಣವನ್ನು ನ್ಯಾಯಾಲಯಕ್ಕೆ ಕಳಿಸಿಕೊಡಬೇಕೆಂದು ಅಧಿಕಾರಿಗೆ ಅರ್ಜಿ ಕೊಡಬೇಕು. ಐತೀರ್ಪಿನ ಹೊತ್ತಿಗೆ ಹಾಜರಿದ್ದವನಿಗೆ ಮೂಲ ಕಾಯಿದೆ ಕೊಟ್ಟದ್ದು ಆರು ವಾರ. ಕರ್ನಾಟಕದ ತಿದ್ದುಪಡಿ ಕೊಟ್ಟದ್ದು ನೋಟಿಸು ತಲುಪಿದಂದಿನಿಂದ 90 ದಿನ. ಭೂಸ್ವಾಧೀನಾಧಿಕಾರಿಯು ನ್ಯಾಯಾಲಯವಲ್ಲವಾದ್ದರಿಂದ ಕಾಲಮಿತಿ ಅಧಿನಿಯಮದ 5ನೆಯ ಕಲಮಿನ ಅಧಿಕಾರ ಅವನಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಮಾನಿಸಿತು. ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಹೊಲ ಕಳೆದುಕೊಂಡ ಬಾಗಲಕೋಟೆ, ವಿಜಯಪುರ ಭಾಗದ ಜನರ ಪಾಲಿಗೆ ‘ಮುಳುಗಡೆ’ ಎಂಬುದು ನೀರಿನ ಮಾತು ಮಾತ್ರವಲ್ಲ, ನೋಟಿಸು, ಅರ್ಜಿ, ತಾರೀಖುಗಳ ಮಾತೂ ಹೌದು. ನೆರೆಹೊಲದವನು ನ್ಯಾಯಾಲಯದಿಂದ ಹೆಚ್ಚಿನ ಪರಿಹಾರ ಪಡೆದರೆ ಅರ್ಜಿ ಕೊಡದವನೂ ಮೂರು ತಿಂಗಳೊಳಗೆ ಅದೇ ದರ ಕೇಳಬಹುದೆಂದು 1984ರಲ್ಲಿ 28-ಎ ಕಲಮನ್ನು ಸೇರಿಸಲಾಯಿತು. 2014ರಿಂದ ಜಾರಿಗೆ ಬಂದ 2013ರ ಹೊಸ ಭೂಸ್ವಾಧೀನ ಕಾಯಿದೆಯ 64ನೆಯ ಕಲಮು, ಸಾಕಷ್ಟು ಕಾರಣವಿದ್ದರೆ ಇನ್ನೂ ಒಂದು ವರ್ಷದೊಳಗೆ ಬಂದ ಅರ್ಜಿಯನ್ನು ಸ್ವೀಕರಿಸುವ ಅಧಿಕಾರವನ್ನು ಅಧಿಕಾರಿಗೇ ಕೊಟ್ಟಿತು. ನೂರಿಪ್ಪತ್ತು ವರ್ಷಗಳ ಬಳಿಕ ಕಿರುಬಾಗಿಲು ನ್ಯಾಯಾಲಯದ ಹೊರಗೂ ತೆರೆಯಿತು.

6. ಒಂದೇ ಬಾಗಿಲು, ಎರಡು ಬಗೆಯ ಕಕ್ಷಿಗಾರರು

ವಿಳಂಬ ಮನ್ನಾ ಕೋರುವ ಅರ್ಜಿಗಳಲ್ಲಿ ಪದೇ ಪದೇ ಉಲ್ಲೇಖಗೊಳ್ಳುವ ತೀರ್ಪು 1987ರ ಅನಂತನಾಗ್ ಭೂಸ್ವಾಧೀನ ಪ್ರಕರಣದ್ದು. ತಡವಾಗಿ ಬರುವುದರಿಂದ ಕಕ್ಷಿಗಾರನಿಗೆ ಸಾಮಾನ್ಯವಾಗಿ ಲಾಭವಿಲ್ಲ. ತಾಂತ್ರಿಕತೆಗಿಂತ ನೈಜ ನ್ಯಾಯ ದೊಡ್ಡದು. ಪ್ರತಿದಿನದ ವಿಳಂಬಕ್ಕೂ ಕಾರಣ ಕೇಳುವುದನ್ನು ಪಾಂಡಿತ್ಯದ ಹಟವಾಗಿಸಬಾರದು ಎಂಬ ಅದರ ಮಾತುಗಳು ಬಡ ಕಕ್ಷಿಗಾರನ ಪರವಾಗಿ ಆಡಿದಂತೆ ಕೇಳಿಸುತ್ತವೆ. ಆದರೆ ಆ ಪ್ರಕರಣದಲ್ಲಿ ನಾಲ್ಕು ದಿನ ತಡವಾಗಿ ಬಂದದ್ದು ಜಮೀನು ಕಳೆದುಕೊಂಡವರಲ್ಲ. ಸುಮಾರು 14 ಲಕ್ಷ ರೂಪಾಯಿಗಳಷ್ಟು ಹೆಚ್ಚಿನ ಪರಿಹಾರವನ್ನು ಪ್ರಶ್ನಿಸಲು ಬಂದ ಜಮ್ಮು ಮತ್ತು ಕಾಶ್ಮೀರ ಸರ್ಕಾರ. ಸರ್ಕಾರವೂ ಇತರರಂತೆ ಒಬ್ಬ ಕಕ್ಷಿಗಾರ, ಅದಕ್ಕೂ ಅದೇ ಉದಾರತೆ ಸಲ್ಲಬೇಕು ಎಂದು ನ್ಯಾಯಾಲಯ ಹೇಳಿತು. 1996ರಲ್ಲಿ ಹರಿಯಾಣ ಸರ್ಕಾರದ ಪ್ರಕರಣವೊಂದರಲ್ಲಿ, ಕಡತವು ಮೇಜಿನಿಂದ ಮೇಜಿಗೆ ಸಾಗುವ ಸರ್ಕಾರಿ ಕ್ರಮವನ್ನೇ ಸ್ವಲ್ಪ ಸಡಿಲಿಕೆಗೆ ಕಾರಣವೆಂದು ಪರಿಗಣಿಸಲಾಯಿತು. ದುರ್ಬಲರ ಸಾಲಿನಲ್ಲಿಯೇ ರಾಜನ ಹೆಸರೂ ಇರುವ ಯಾಜ್ಞವಲ್ಕ್ಯನ ಪಟ್ಟಿ ಇಲ್ಲಿ ನೆನಪಾಗದಿರದು.

ಇದಕ್ಕೆ ವಿರುದ್ಧವಾದ ಧಾರೆ 2012ರಿಂದ ಬಲಗೊಂಡಿತು. ಅಂಚೆ ಇಲಾಖೆ 427 ದಿನ ತಡಮಾಡಿದ ಪ್ರಕರಣದಲ್ಲಿ, ತಂತ್ರಜ್ಞಾನದ ಈ ಕಾಲದಲ್ಲಿ ಕಡತದ ನಿಧಾನಗತಿಯನ್ನು ಕಾರಣವಾಗಿ ಕೊಡುವುದು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. 2020ರಲ್ಲಿ 663 ದಿನ ತಡವಾಗಿ ಬಂದ ಮಧ್ಯಪ್ರದೇಶ ಸರ್ಕಾರದ ಮನವಿಯನ್ನು ವಜಾ ಮಾಡಿ 25,000 ರೂಪಾಯಿ ವೆಚ್ಚ ವಿಧಿಸಿತು.

ಕರ್ನಾಟಕದ ಎರಡು ಪ್ರಕರಣಗಳನ್ನು ಜೊತೆಗಿಟ್ಟು ನೋಡುವುದು ಉಪಯುಕ್ತ. ಮೊದಲನೆಯದು ಭೂಸ್ವಾಧೀನದ ಪರಿಹಾರ ಸಾಲದೆಂದು ಭೂಮಾಲೀಕರು ಐದೂವರೆ ವರ್ಷ ತಡವಾಗಿ ಸಲ್ಲಿಸಿದ ಮೇಲ್ಮನವಿ. ಕಾಯಿಲೆಯ ಕಾರಣವನ್ನು ಕೊಡಲಾಗಿತ್ತು. ಇಂಥವೇ ಪ್ರಕರಣಗಳಲ್ಲಿ ಇತರರಿಗೆ ವಿಳಂಬ ಮನ್ನಾ ಆಗಿದೆಯೆಂದೂ ವಾದಿಸಲಾಗಿತ್ತು. ಉಚ್ಚ ನ್ಯಾಯಾಲಯದ ಗುಲಬರ್ಗಾ ಪೀಠ ಮನವಿಯನ್ನು ವಜಾ ಮಾಡಿತು. 2013ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿದು, ಒಬ್ಬರಿಗೆ ತಪ್ಪಾಗಿ ದೊರೆತ ರಿಯಾಯಿತಿಯನ್ನು ಇನ್ನೊಬ್ಬರು ಸಮಾನತೆಯ ಹೆಸರಿನಲ್ಲಿ ಕೇಳಲಾಗದೆಂದಿತು. ಎರಡನೆಯದರಲ್ಲಿ ತಡವಾಗಿ ಬಂದದ್ದು ಕರ್ನಾಟಕ ಗೃಹ ಮಂಡಳಿ. ವಿಳಂಬ 3,966 ದಿನ, ಅಂದರೆ ಹತ್ತು ವರ್ಷ ಹತ್ತು ತಿಂಗಳು. ಇದನ್ನು ಉಚ್ಚ ನ್ಯಾಯಾಲಯ ಮನ್ನಿಸಿತ್ತು. 2025ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿ, ಸರ್ಕಾರಿ ಸಂಸ್ಥೆಗಳ ಆಲಸ್ಯಕ್ಕೆ ಉಚ್ಚ ನ್ಯಾಯಾಲಯಗಳು ಕಾನೂನಿನ ಮುದ್ರೆ ಒತ್ತಬಾರದೆಂದು ಎಚ್ಚರಿಸಿತು. ಕೊನೆಯಲ್ಲಿ ಇಬ್ಬರಿಗೂ ಬಾಗಿಲು ಮುಚ್ಚಿದ್ದು ನಿಜ. ಆದರೆ ಐದೂವರೆ ವರ್ಷದ ರೈತನಿಗೆ ಉಚ್ಚ ನ್ಯಾಯಾಲಯದಲ್ಲಿಯೇ ಮುಚ್ಚಿದ ಬಾಗಿಲು, ಅದರ ಇಮ್ಮಡಿಯಷ್ಟು ತಡವಾಗಿ ಬಂದ ಮಂಡಳಿಗೆ ದೆಹಲಿಯವರೆಗೆ ತೆರೆದೇ ಇತ್ತು. ಅಷ್ಟು ದೂರ ಹೋಗಿ ಅದನ್ನು ಮುಚ್ಚಿಸುವ ಹೊರೆ ಎದುರುಪಕ್ಷದ ಕುಟುಂಬದ ಮೇಲೆ ಬಿತ್ತು. ನ್ಯಾಯಾಲಯಕ್ಕೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಗೆ ಇದಕ್ಕಿಂತ ಬೇರೆ ಟೀಕೆ ಬೇಕಿಲ್ಲ.

ಇವೆರಡರ ನಡುವಿನ ಹಾದಿಯೊಂದು 2014ರ ಹರಿಯಾಣದ ಭೂಸ್ವಾಧೀನ ಪ್ರಕರಣದಲ್ಲಿ ಕಾಣುತ್ತದೆ. ಒಂದೇ ಸ್ವಾಧೀನದಲ್ಲಿ ಜಮೀನು ಕಳೆದುಕೊಂಡವರಿಗೆ ಒಂದೇ ದರದ ಪರಿಹಾರ ದೊರೆಯಬೇಕೆಂದು ಸರ್ವೋಚ್ಚ ನ್ಯಾಯಾಲಯ ವಿಳಂಬವನ್ನು ಮನ್ನಿಸಿತು. ಆದರೆ ತಡಮಾಡಿದ ಅವಧಿಗೆ ಬಡ್ಡಿ ಸಲ್ಲದೆಂದಿತು. ಭೂಮಿಯ ಒಡೆತನ ಉಳಿಯಲಿ, ಸುಮ್ಮನಿದ್ದ ವರ್ಷಗಳ ಫಲ ಮಾತ್ರ ಹೋಗಲಿ ಎಂದ ವಿಜ್ಞಾನೇಶ್ವರನ ತರ್ಕಕ್ಕೆ ಇದು ಬಹಳ ಸಮೀಪದ್ದು. ಎರಡಕ್ಕೂ ನೇರ ಸಂಬಂಧವಿದೆಯೆಂದು ಹೇಳುವಂತಿಲ್ಲ. ಆದರೆ ಕಾಲದ ತಪ್ಪಿಗೆ ಕಾಲದಷ್ಟೇ ದಂಡ, ಹಕ್ಕಿನಷ್ಟು ಅಲ್ಲ ಎಂಬ ವಿವೇಕ ಎರಡರಲ್ಲಿಯೂ ಒಂದೇ.

7. ಎಲ್ಲರೂ ತಡವಾದ ಕಾಲ

ಸಾಕಷ್ಟು ಕಾರಣವನ್ನು ಯಾರೂ ಪ್ರತ್ಯೇಕವಾಗಿ ರುಜುವಾತುಪಡಿಸಬೇಕಿಲ್ಲದ ಒಂದು ಕಾಲವೂ ಬಂದಿತು. ಕೋವಿಡ್ ಹರಡಿದಾಗ ಸರ್ವೋಚ್ಚ ನ್ಯಾಯಾಲಯವು ಸ್ವಯಂಪ್ರೇರಿತವಾಗಿ 2020ರ ಮಾರ್ಚ್ 23ರಂದು ಆದೇಶ ಹೊರಡಿಸಿ, ಅದೇ ತಿಂಗಳ 15ರಿಂದ ದೇಶದ ಎಲ್ಲ ಕಾಲಮಿತಿಗಳನ್ನೂ ವಿಸ್ತರಿಸಿತು. 2022ರ ಜನವರಿ 10ರ ಕೊನೆಯ ಆದೇಶದಂತೆ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಲೆಕ್ಕದಿಂದ ಬಿಡಲಾಯಿತು. ಆ ನಡುವೆ ಅವಧಿ ಮುಗಿದವರಿಗೆ ಮಾರ್ಚ್ 1ರಿಂದ 90 ದಿನಗಳನ್ನು ಕೊಡಲಾಯಿತು. ಕಾಯಿಲೆ, ಸಾವು, ದೂರ, ಬಸ್ಸಿಲ್ಲದ ಊರು, ಹಣವಿಲ್ಲದ ಕೈ ಇವು ವಕೀಲರನ್ನೂ ಕಚೇರಿಗಳನ್ನೂ ಒಟ್ಟಿಗೆ ಮುಟ್ಟಿದಾಗ ನ್ಯಾಯದ ಪಂಚಾಂಗ ಸುಮಾರು ಎರಡು ವರ್ಷ ತಡೆದು ನಿಂತಿತು. ಇವೇ ಕಾರಣಗಳು ಒಂಟಿ ಕಕ್ಷಿಗಾರನನ್ನು ಮುಟ್ಟಿದಾಗ ಮಾತ್ರ ಅವನು ಪ್ರಮಾಣಪತ್ರದ ಮೂಲಕ ಅವುಗಳನ್ನು ಸಾಬೀತುಪಡಿಸಬೇಕು.

8. ಸಮಾರೋಪ

ಕಾಲಮಿತಿಯ ಕಾನೂನು ಅನಗತ್ಯವೆಂಬುದು ಇಲ್ಲಿಯ ವಾದವಲ್ಲ. ಗೆದ್ದವನಿಗೂ ಒಂದು ದಿನ ನಿಶ್ಚಿಂತೆಯಾಗಿ ಮಲಗುವ ಹಕ್ಕಿದೆ. ತಲೆಮಾರುಗಳ ಬಳಿಕ ಬರುವ ಮೇಲ್ಮನವಿಯು ಪರಿಹಾರದ ಹಣದಲ್ಲಿ ಕಟ್ಟಿಕೊಂಡ ಮನೆಯನ್ನು ಅಲುಗಿಸಬಲ್ಲದು. ಆ ಮೇಲ್ಮನವಿ ಸರ್ಕಾರದ್ದಾಗಿರುವ ಸಾಧ್ಯತೆಯೂ ಉಂಟು. ಆದ್ದರಿಂದ ಗಡುವನ್ನು ತೆಗೆದುಹಾಕುವುದು ದುರ್ಬಲರಿಗೆ ರಕ್ಷಣೆಯಾಗಲಾರದು. ಗಡುವನ್ನು ಪಾಲಿಸುವ ಶಕ್ತಿ ಎಲ್ಲರಲ್ಲಿಯೂ ಸಮನಾಗಿಲ್ಲವೆಂಬ ಅರಿವು ಕಾರಣಗಳನ್ನು ತೂಗುವಾಗ ಇರಬೇಕಾಗುತ್ತದೆ. ವರ್ಷವಿಡೀ ವಕೀಲರನ್ನು ನೇಮಿಸಿಕೊಂಡಿರುವ ಮಂಡಳಿಯ ವಿಳಂಬವನ್ನೂ ಗುಳೆ ಹೋದ ಕುಟುಂಬದ ವಿಳಂಬವನ್ನೂ ದಿನಗಳ ಸಂಖ್ಯೆಯಿಂದ ಹೋಲಿಸಲಾಗದು.

ಜಾನಪದ ಅಧ್ಯಯನಕ್ಕೆ ಇಲ್ಲಿ ಮಾಡಬೇಕಾದ ಕೆಲಸವೂ ಇದೆ. ವಿಳಂಬ ಮನ್ನಾ ಅರ್ಜಿಯೊಂದಿಗೆ ಸಲ್ಲಿಸುವ ಪ್ರಮಾಣಪತ್ರವು ಸ್ವರೂಪದಲ್ಲಿ ಒಂದು ಕಥನ. ತಾನಾರೆಂದು ಹೇಳಿಕೊಂಡು, ಏನು ನಡೆಯಿತೆಂದು ನಿರೂಪಿಸಿ, ಬೇಕೆಂದು ತಡಮಾಡಿಲ್ಲವೆಂದು ಆಣೆಯಿಟ್ಟು, ದಯೆ ಕೋರಿ ಮುಗಿಯುವ ಕಥನ. ಅದರಲ್ಲಿ ಸಿದ್ಧ ಸೂತ್ರಗಳಿವೆ. ಕಾಯಿಲೆಯೆಂಬ ಸೂತ್ರ ಎಲ್ಲಕ್ಕಿಂತ ಸುಲಭವಾಗಿ ಒದಗುತ್ತದೆ, ಏಕೆಂದರೆ ಅದಕ್ಕೆ ವೈದ್ಯರ ಚೀಟಿಯ ಪುರಾವೆ ದೊರೆಯುತ್ತದೆ. ಬಿತ್ತನೆಗೆ, ಗುಳೆಗೆ, ಒಡೆಯನ ಭಯಕ್ಕೆ, ಓದಲು ಬಾರದ ನೋಟಿಸಿಗೆ ಅಂಥ ಚೀಟಿಯಿಲ್ಲ. ಬದುಕಿನ ನಿಜವಾದ ಕಾರಣವು ಕಾನೂನು ಕೇಳಿಸಿಕೊಳ್ಳಬಲ್ಲ ಕಾರಣವಾಗಿ ಹೇಗೆ ಮಾರ್ಪಡುತ್ತದೆ ಎಂಬುದನ್ನು ಈ ಪ್ರಮಾಣಪತ್ರಗಳಿಂದ ಅರಿಯಬಹುದು. ಗ್ರಾಮೀಣ ಕರ್ನಾಟಕದ ಕಾಯಿಲೆ, ವಲಸೆ, ಸಾವು, ಸಾಲಗಳ ಅಪಾರ ವಿವರ ಜಿಲ್ಲಾ ನ್ಯಾಯಾಲಯಗಳ ಈ ಕಡತಗಳಲ್ಲಿ ಅಡಗಿದೆ. ಅವಧಿ ಮೀರಿದ ಕಡತಗಳು ನಿಯಮಾನುಸಾರ ನಾಶವಾಗುವ ಮೊದಲು ಅವುಗಳ ಆಯ್ದ ಸಂಗ್ರಹ ಮತ್ತು ಅಧ್ಯಯನ ನಡೆಯಬೇಕಾಗಿದೆ.

ಪುಣ್ಯಕೋಟಿ ಕಾಲ ಕೇಳಿದ್ದು ಗಡುವು ಮುಗಿಯುವ ಮೊದಲು, ಹುಲಿಯ ಎದುರಿನಲ್ಲಿಯೇ ನಿಂತು, ತನ್ನ ಮಾತಿನಲ್ಲಿಯೇ. ನ್ಯಾಯಾಲಯದಲ್ಲಿ ಕಾಲ ಕೇಳುವವನು ಬರುವುದು ಗಡುವು ಮುಗಿದ ಮೇಲೆ. ಅವನ ಪರವಾಗಿ ಮಾತನಾಡುವುದು ಮತ್ತೊಬ್ಬರು ಬರೆದ ಪ್ರಮಾಣಪತ್ರ, ಅದೂ ಎಷ್ಟೋ ವೇಳೆ ಅವನು ಓದಲಾರದ ಭಾಷೆಯಲ್ಲಿ. ಆ ಕಾಗದದ ಹಿಂದಿರುವ ಬದುಕನ್ನು ಓದುವುದು ನ್ಯಾಯಾಧೀಶರ ಕೆಲಸವಾಗಿರುವಂತೆ ಚರಿತ್ರಕಾರರ ಮತ್ತು ಜಾನಪದ ವಿದ್ವಾಂಸರ ಕೆಲಸವೂ ಆಗಿದೆ.